ಎರಡನೇ ಲೈನಿನ ಇಂಗ್ಲಿಷ್

ಮಾಳವ್ವ ಮೂರು ಸಲ ಕೈ ಎತ್ತಿದ್ದಳು. ಮೂರು ಸಲವೂ ಸೂಪರ್‌ವೈಸರ್ ಸಿದ್ದರಾಮೇಶ ನೋಡಿದ್ದ. ಮೂರು ಸಲವೂ ಅವನದು ಒಂದೇ ಮಾತು.

"ತಾಸಿನ ಟಾರ್ಗೆಟ್ ಮುಗಿಸು. ಆಮ್ಯಾಲ ಹೋಗು."

ಟಾರ್ಗೆಟ್ ಮುಗಿಯುವ ಮೊದಲೇ ಮಾಳವ್ವನ ಸೀರೆ ತೊಯ್ದಿತು. ಉಚ್ಚೆ ಸ್ಟೂಲಿನಿಂದ ಇಳಿದು ಮಷಿನ್ನಿನ ಕಾಲಿನ ಹತ್ತಿರ ನೆಲದ ಮೇಲೆ ನಿಂತಿತು. ಐವತ್ತೆರಡು ವರ್ಷದ ಹೆಂಗಸು. ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು. ತಲೆ ಎತ್ತಲಿಲ್ಲ. ಕೈ ಮಾತ್ರ ಶರ್ಟಿನ ತೋಳಿನ ಕಫ್ ಹೊಲಿಯುತ್ತಲೇ ಇತ್ತು.

ಪಕ್ಕದ ಮಷಿನ್ನಿನಲ್ಲಿ ಸೈರಾಬಾನು ಕಾಲರ್ ಹೊಲಿಯುತ್ತಿದ್ದಳು. ಮೊದಲು ಅವಳಿಗೆ ವಾಸನೆ ಬಂತು. ತಿರುಗಿ ನೋಡುವಷ್ಟರಲ್ಲಿ ಸಿದ್ದರಾಮೇಶ ಬಂದಿದ್ದ.

"ಥೂ! ಇಷ್ಟು ವಯಸ್ಸಾಗೈತಿ, ನಾಚಿಕಿ ಅನ್ನೂದು ಐತೇನ ನಿನಗ? ಪೀಸಿಗೆ ಹತ್ತಿದ್ರ ಯಾರು ಜವಾಬ್ದಾರಿ?"

ಅವನು ಚಿಂದಿಯ ಬುಟ್ಟಿಯಿಂದ ಒಂದು ಹಿಡಿ ಬಟ್ಟೆ ತೆಗೆದು ನೆಲಕ್ಕೆ ಎಸೆದ. ಮಾಳವ್ವ ಕುಕ್ಕರಗಾಲಲ್ಲಿ ಕೂತು ಒರೆಸಿದಳು. ಮೂವತ್ತು ಜನ ಹೆಂಗಸರು ನೋಡುತ್ತಿದ್ದರು. ನೋಡದವರಂತೆ ನೋಡುತ್ತಿದ್ದರು. ಒರೆಸಿ ಎದ್ದವಳು ಮನೆಗೆ ಹೋಗುತ್ತೇನೆ ಎಂದಳು. ಐದೂವರೆಗೆ ಮುಂಚೆ ಗೇಟು ತೆಗೆಯುವುದಿಲ್ಲ ಎಂದ. ಆಗಿನ್ನೂ ಹನ್ನೊಂದು ಗಂಟೆ. ಅದೇ ಒದ್ದೆ ಸೀರೆಯಲ್ಲಿ, ಅದೇ ಒದ್ದೆ ಸ್ಟೂಲಿನ ಮೇಲೆ ಮಾಳವ್ವ ಸಂಜೆತನಕ ಕೂತಳು.

ಸೈರಾಬಾನು ಏನೂ ಅನ್ನಲಿಲ್ಲ. ಪೆಡಲ್ ಮೇಲಿನ ಕಾಲನ್ನು ಸಹ ನಿಲ್ಲಿಸಲಿಲ್ಲ. ಅವತ್ತು ಅವಳ ಟಾರ್ಗೆಟ್ ಎಂದಿಗಿಂತ ಬೇಗ ಮುಗಿದಿತ್ತು. ಅದೊಂದು ಅವಳನ್ನು ಮುಂದೆ ಬಹಳ ದಿನ ಸುಟ್ಟಿತು.

ನರಗುಂದದ ಹೊರಗೆ ಹೈವೇ ಬದಿಯ ಆ ಕಂಪನಿಯಲ್ಲಿ ಹೊರದೇಶಕ್ಕೆ ಹೋಗುವ ಶರ್ಟು ಹೊಲಿಯುತ್ತಿದ್ದರು. ತಗಡಿನ ಚಾವಣಿ. ನಾಲ್ಕು ಲೈನು. ಲೈನಿಗೆ ಮೂವತ್ತು ಮಷಿನ್ನು. ನೂರಾ ಇಪ್ಪತ್ತು ಹೆಂಗಸರಿಗೆ ನಾಲ್ಕು ಪಾಯಖಾನೆ. ಅದರಲ್ಲಿ ಎರಡಕ್ಕೆ ಕೀಲಿ. ಒಳಗೆ ಹಳೇ ರಟ್ಟಿನ ಡಬ್ಬಿ ತುಂಬಿದ್ದರು. ಉಳಿದ ಎರಡಕ್ಕೆ ಹೋಗಬೇಕಾದರೆ ಸೂಪರ್‌ವೈಸರ್ ತಲೆ ಆಡಿಸಬೇಕು. ಅವನ ತಲೆ ಆಡುವುದು ಅವನ ಮನಸ್ಸಿಗೆ ಬಂದಾಗ.

ಅದಕ್ಕೇ ಯಾರೂ ನೀರು ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಅರ್ಧ ಕಪ್ಪು ಚಹಾ ಕುಡಿದು ಹೊರಟರೆ ಮತ್ತೆ ನೀರು ಮುಟ್ಟುವುದು ಸಂಜೆ ಮನೆಗೆ ಹೋದಮೇಲೆ. ಮುಟ್ಟಾದವರು ಎರಡೆರಡು ಲಂಗ ಉಟ್ಟು ಬರುತ್ತಿದ್ದರು. ಉರಿಮೂತ್ರವೆಂದು ಸೈರಾಬಾನು ಎರಡು ಸಲ ದವಾಖಾನೆಗೆ ಹೋಗಿ ಬಂದಿದ್ದಳು. "ನೀರು ಭಾಳ ಕುಡೀರಿ" ಎಂದು ಡಾಕ್ಟರಮ್ಮ ಹೇಳಿದಾಗ ಅವಳಿಗೆ ನಗು ಬಂದಿತ್ತು. ಯಾಕೆ ನಗುತ್ತಾಳೆಂದು ಡಾಕ್ಟರಮ್ಮನಿಗೆ ತಿಳಿಯಲಿಲ್ಲ.

ಸೈರಾಬಾನು ಶಿರೋಳದವಳು. ಮೂವತ್ತನಾಲ್ಕು ವರ್ಷ. ಏಳನೇ ಇಯತ್ತೆಯವರೆಗೆ ಓದಿದ್ದಳು. ಗಂಡ ಖಾದರ ಗಜೇಂದ್ರಗಡದಿಂದ ನೇಯ್ಗೆ ಸೀರೆ ತಂದು ಊರೂರು ಸುತ್ತಿ ಮಾರುವವನು; ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮಾಳವ್ವ ಕೊಣ್ಣೂರಿನವಳು. ಹೊಳೆ ಮನೆಯೊಳಗೆ ಬಂದು ಗೋಡೆ ಕುಸಿದ ವರ್ಷ ಶಿರೋಳದ ತಂಗಿಯ ಮನೆಗೆ ಬಂದವಳು ತಿರುಗಿ ಹೋಗಿರಲಿಲ್ಲ. ಇಬ್ಬರೂ ಒಂದೇ ಟಂಟಂ ಆಟೋದಲ್ಲಿ ಬರುತ್ತಿದ್ದರು, ಒಂದೇ ಟಂಟಂನಲ್ಲಿ ಹೋಗುತ್ತಿದ್ದರು.

ಆ ಸಂಜೆ ಮಾಳವ್ವ ಟಂಟಂ ಒಳಗೆ ಕೂರಲಿಲ್ಲ. ಹಿಂದೆ ಕಂಬಿ ಹಿಡಿದು ನಿಂತಳು.

"ಒಳಗ ಬಾ ಅಕ್ಕಾ, ಜಾಗಾ ಐತಿ" ಎಂದಳು ಸೈರಾಬಾನು.

"ಬ್ಯಾಡವ್ವಾ, ನಾರ್ತೀನಿ" ಎಂದಳು ಮಾಳವ್ವ.

ಶಿರೋಳ ಬರುವತನಕ ಹಾಗೇ ನಿಂತು ಹೋದಳು.

ಮುಂದಿನ ವಾರ ಕಂಪನಿಯಲ್ಲಿ ಸುಣ್ಣಬಣ್ಣ ಶುರುವಾಯಿತು. ಶರ್ಟು ಕೊಳ್ಳುವ ಹೊರದೇಶದ ಬಯ್ಯರ್ ನೋಡಲು ಬರುತ್ತಾರಂತೆ. ಪಾಯಖಾನೆಗೆ ಕನ್ನಡಿ ಬಂತು. ಬಾಗಿಲಿಗೆ ಲಂಗ ಉಟ್ಟ ಗೊಂಬೆಯ ಚಿತ್ರ ಬಂತು. ಕುಡಿಯುವ ನೀರಿನ ಡ್ರಮ್ಮಿಗೆ ನೀಲಿ ಬಣ್ಣ ಬಂತು. ಆಮೇಲೆ ಇಂಗ್ಲಿಷ್ ಬಂತು.

ಇಂಗ್ಲಿಷ್ ಕಲಿಸಲು ರೋಣದಿಂದ ಅನ್ನಪೂರ್ಣಾ ಎಂಬ ಹುಡುಗಿ ದಿನಾ ಬಸ್ಸಿಗೆ ಬರುತ್ತಿದ್ದಳು. ರೋಣದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದಳು. ಒಳ್ಳೆಯ ಹುಡುಗಿ, ಮೆಲ್ಲಗೆ ಮಾತಾಡುತ್ತಿದ್ದಳು. ಊಟದ ಅರ್ಧ ತಾಸಿನಲ್ಲಿ ಹದಿನೈದು ನಿಮಿಷ ಕಿತ್ತು ಅವಳಿಗೆ ಕೊಟ್ಟರು. ಹೆಂಗಸರು ರೊಟ್ಟಿಯ ತುತ್ತು ಬಾಯಲ್ಲಿ ಇರುವಾಗಲೇ ಬೋರ್ಡಿನ ಮುಂದೆ ಕೂರಬೇಕಾಯಿತು. ಅವಳು ಇಂಗ್ಲಿಷ್ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದಳು.

ಮೇ ಐ ಗೋ ಟು ದ ವಾಶ್‌ರೂಮ್, ಪ್ಲೀಸ್?

"ಇಂಗ್ಲಿಷಿನ್ಯಾಗ ಕೇಳೂದಕ್ಕ ಮೂರು ಥರಾ ಅದಾವ್ರಿ" ಎಂದಳು. "ಕ್ಯಾನ್ ಐ ಅಂದ್ರ ಗೆಳತ್ಯಾರ ಜೋಡಿ ಮಾತಾಡಿದಂಗ. ಕುಡ್ ಐ ಅಂದ್ರ ಅದಕ್ಕಿಂತ ಸ್ವಲ್ಪ ಮರ್ಯಾದಿ. ಮೇ ಐ ಅಂದ್ರ ದೊಡ್ಡವರ ಮುಂದ ನಿಂತು ಪರವಾನಗಿ ಬೇಡೂದು. ಕಡೀಕ ಪ್ಲೀಸ್ ಹಚ್ಚಬೇಕ್ರಿ. ಹಚ್ಚಲಿಲ್ಲಂದ್ರ ಜೋರು ಮಾಡಿದಂಗ ಆಗ್ತೈತಿ."

ಮೂರನೇ ಲೈನಿನ ರಾಜಮಾ ಬಾಯಿ ಬಡುಕಿ. ಅವಳು ಕೂತಲ್ಲಿಂದಲೇ ಕೇಳಿದಳು. "ಅಕ್ಕೋರ, ಕನ್ನಡದಾಗ ಕೈ ಮುಗದ್ರೂ ಬಿಡದವರು ಇಂಗ್ಲಿಷಿನ್ಯಾಗ ಪ್ಲೀಸ್ ಅಂದ್ರ ಬಿಡ್ತಾರೇನ್ರಿ?"

ಎಲ್ಲರೂ ನಕ್ಕರು. ಸೈರಾಬಾನು ನಗಲಿಲ್ಲ.

"ಅವರು ಇಲ್ಲ ಅಂದ್ರ ನಾವೇನ ಅನಬೇಕ್ರಿ ಅಕ್ಕೋರ? ಅದನ್ನೂ ಕಲಸ್ರಿ."

ಅನ್ನಪೂರ್ಣಾ ಸೀಮೆಸುಣ್ಣ ಕೆಳಗಿಟ್ಟಳು. "ಅವತ್ತ ಯಾರೂ ಇಲ್ಲ ಅನ್ನಂಗಿಲ್ರಿ. ಬಯ್ಯರ್ ಮುಂದ ಸೂಪರ್‌ವೈಸರ್ 'ಯೆಸ್, ಆಫ್ ಕೋರ್ಸ್, ಪ್ಲೀಸ್ ಗೋ' ಅನ್ನಬೇಕು. ಮ್ಯಾನೇಜರ್ ಆರ್ಡರ್ ಐತಿ. ಅವರಿಗೂ ಕಲಿಸಾಕತ್ತೀನಿ."

"ಯಾರು ಕೇಳಿದ್ರೂ ಹಂಗ ಅನ್ನಬೇಕೇನ್ರಿ?"

"ಯಾರು ಕೇಳಿದ್ರೂ ಹಂಗ."

ಸೈರಾಬಾನು ಬೋರ್ಡಿನ ಕಡೆ ತಿರುಗಿ ಆ ಸಾಲನ್ನು ಇನ್ನೊಮ್ಮೆ ಓದಿದಳು.

ಬಯ್ಯರ್ ಬರುವುದಕ್ಕೆ ಎರಡು ದಿನ ಇರುವಾಗ ಮಷಿನ್ನಿನ ಮುಂದೆಯೇ ಪ್ರಾಕ್ಟೀಸು ನಡೆಯಿತು. ಸಿದ್ದರಾಮೇಶ ಕೊರಳಿಗೆ ಟೈ ಬಿಗಿದುಕೊಂಡಿದ್ದ. ಸವಡಿಯ ರೈತನ ಮಗ. ಅವನಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. "ಯಸ್ ಅಪ್ ಕೋರ್ಸ್" ಎಂದು ಬೆಳಗಿನಿಂದ ಗೊಣಗುತ್ತ ತಿರುಗುತ್ತಿದ್ದ. ಒಬ್ಬೊಬ್ಬರನ್ನೇ ಎಬ್ಬಿಸಿ ಹೇಳಿಸಿದ. ಮಾಳವ್ವನ ಪಾಳಿ ಬಂತು.

"ಮಯ್ ಗೋ ಟು ವಾಸರೂಮ ಪಿಲೀಸ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಸಿದ್ದರಾಮೇಶನಿಗೂ ನಗು ಬಂತು. ನಗುತ್ತಲೇ ಕೈ ಚಾಚಿ, ತಲೆ ಬಗ್ಗಿಸಿ, ಬಯ್ಯರ್ ಎದುರಿಗೇ ಇದ್ದಾರೇನೋ ಎಂಬಂತೆ ಹೇಳಿದ. "ಯೆಸ್, ಆಫ್ ಕೋರ್ಸ್. ಪ್ಲೀಸ್ ಗೋ."

ಮಾಳವ್ವ ಎದ್ದಳು. ಸೆರಗು ಸರಿಮಾಡಿಕೊಂಡು ಪಾಯಖಾನೆಯ ಕಡೆ ಹೊರಟಳು.

"ಏ, ಏ! ಎಲ್ಲಿಗಿ ಹೊಂಟಿ?"

"ಪಾಯಖಾನಿಗ್ರಿ. ನೀವ ಹೂಂ ಅಂದ್ರೆಲ್ಲ."

"ಇದು ಪ್ರಾಕ್ಟೀಸ್! ಕುಂದ್ರು ಹಿಂದಕ್ಕ!"

ಇಡೀ ಶೆಡ್ಡು ನಕ್ಕಿತು. ಮಾಳವ್ವ ತಿರುಗಿ ಬಂದು ಸ್ಟೂಲಿನ ಮೇಲೆ ಕೂತು ಮೇಜಿನ ಅಂಚು ಹಿಡಿದುಕೊಂಡಳು. ಬೆರಳಿನ ಗಿಣ್ಣು ಬೆಳ್ಳಗಾಗಿದ್ದವು. ಅವಳಿಗೆ ನಿಜಕ್ಕೂ ಉಚ್ಚೆ ಬಂದಿತ್ತು. ಅದನ್ನು ಕಂಡವರ ನಗು ಅರ್ಧಕ್ಕೇ ನಿಂತಿತು.

ಸಿದ್ದರಾಮೇಶ ಅಷ್ಟಕ್ಕೆ ಬಿಡಲಿಲ್ಲ. "ನಿನ್ನ ನಾಲಿಗಿ ಹೊಳ್ಳಂಗಿಲ್ಲ. ಬಯ್ಯರ್ ಬಂದಾಗ ನೀ ಗೋಡಾನಿನ್ಯಾಗ ಇರು, ಬಾಗಲಾ ಹಾಕ್ಕೊಂಡು. ಸೈರಾ, ನಿನ್ನ ಮಾತು ಚೊಕ್ಕ ಐತಿ. ಬಯ್ಯರ್ ನಿನ್ನ ಮುಂದ ಬಂದು ನಿಂತಾಗ ನೀ ಕೇಳಬೇಕು. ನೀ ಒಬ್ಬಾಕಿ ಅಷ್ಟ."

"ಆತ್ರಿ ಸರ" ಎಂದಳು ಸೈರಾಬಾನು.

ಸಂಜೆ ಟಂಟಂನಲ್ಲಿ ಅವಳು ಮಾಳವ್ವನ ಪಕ್ಕದಲ್ಲೇ ಕೂತಳು.

"ಅಕ್ಕಾ, ಅವತ್ತ ನಾ ಬಾಯಿ ತಗೀಲಿಲ್ಲ."

"ನನ್ನ ಬಾಯಿ ನಾನೂ ತಗೀಲಿಲ್ಲಲ್ಲವ್ವ" ಎಂದಳು ಮಾಳವ್ವ.

ಸೈರಾಬಾನು ಉಳಿದವರ ಕಡೆ ತಿರುಗಿದಳು. ಒಂಬತ್ತು ಜನ ಇದ್ದರು. "ಅಂವ ಅವತ್ತ ಇಲ್ಲ ಅನ್ನಂಗಿಲ್ಲ. ಒಬ್ಬಾಕಿ ಕೇಳಿದ್ರೂ ಹೂಂ ಅನ್ನಬೇಕು, ನೂರು ಮಂದಿ ಕೇಳಿದ್ರೂ ಹೂಂ ಅನ್ನಬೇಕು. ಎಲ್ಲಾರೂ ಕೇಳೂಣು."

"ಮರುದಿನ ಕೆಲಸದಿಂದ ತಗದ್ರ?" ಎಂದಳು ರಾಜಮಾ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಎಲ್ಲಾರ್ನೂ ತಗದು ಶರ್ಟು ಯಾರ ಕೈಲೆ ಹೊಲಸ್ತಾರ? ಮ್ಯಾನೇಜರ್ ಹೊಲೀತಾನೇನ?"

ಟಂಟಂ ಗುಂಡಿಯಲ್ಲಿ ಎಗರಿತು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾಳವ್ವ ಮಾತ್ರ ಸೈರಾಬಾನುವಿನ ಮೊಣಕೈ ತಿವಿದು ಮೆಲ್ಲಗೆ ಅಂದಳು. "ಆ ಮಾತು ಇನ್ನೊಮ್ಮಿ ಹೇಳ. ನಾ ಕಲೀತೀನಿ."

ಮರುದಿನ ಆ ಮಾತು ಲೈನಿನಿಂದ ಲೈನಿಗೆ ಹೋಯಿತು. ಬಯ್ಯರ್ ಬಂದದ್ದು ಗುರುವಾರ. ನೆರೆತ ಕೂದಲಿನ ಎತ್ತರದ ಹೆಂಗಸು. ಜೊತೆಗೆ ಮಾತು ತಿರುಗಿಸಿ ಹೇಳಲು ಒಬ್ಬ ತರುಣಿ. ಅವಳಿಗೆ ಕನ್ನಡವೂ ಬರುತ್ತಿತ್ತು. ಮ್ಯಾನೇಜರ್ ಹಲ್ಲು ಬಿಟ್ಟುಕೊಂಡು ಮುಂದೆ ನಡೆದ. ಒಂದನೇ ಲೈನು ದಾಟಿ ಎರಡನೇ ಲೈನಿಗೆ ಬಂದರು. ಸಿದ್ದರಾಮೇಶ ಸೈರಾಬಾನುವಿನ ಕಡೆ ಕಣ್ಣು ಮಾಡಿದ.

ಸೈರಾಬಾನು ಎದ್ದು ನಿಂತಳು. ದನಿ ನಡುಗಲಿಲ್ಲ.

"ಮೇ ಐ ಗೋ ಟು ದ ವಾಶ್‌ರೂಮ್, ಪ್ಲೀಸ್?"

"ಯೆಸ್, ಆಫ್ ಕೋರ್ಸ್. ಪ್ಲೀಸ್ ಗೋ."

ಬಯ್ಯರ್ ಮುಗುಳ್ನಕ್ಕು ತಲೆ ಆಡಿಸಿದಳು. ಸೈರಾಬಾನು ಮಷಿನ್ನಿನ ಸ್ವಿಚ್ಚು ಆರಿಸಿದಳು. ನಾಲ್ಕು ಹೆಜ್ಜೆ ಹೋಗಿ ನಿಂತಳು. ಹಿಂದೆ ಸದ್ದಿಲ್ಲ. ಒಬ್ಬಳೇ ಆದೆ ಅಂದುಕೊಂಡಳು.

"ಮೇ ಐ ಗೋ ಟು ವಾಶ್‌ರೂಮ್, ಪ್ಲೀಸ್?"

ಅದು ರಾಜಮಾ. ಮೂರನೇ ಲೈನಿನಿಂದ.

ನಾಲ್ಕೂ ಲೈನಿಗೆ ಅವನೇ ಸೂಪರ್‌ವೈಸರ್. ಸಿದ್ದರಾಮೇಶ ಮ್ಯಾನೇಜರ್ ಕಡೆ ನೋಡಿದ. ಮ್ಯಾನೇಜರ್ ಬಯ್ಯರ್ ಕಡೆ ನೋಡಿದ. "ಯೆಸ್, ಆಫ್ ಕೋರ್ಸ್" ಎಂದ ಸಿದ್ದರಾಮೇಶ.

ಇನ್ನೊಬ್ಬಳು ಎದ್ದಳು. ಮತ್ತೊಬ್ಬಳು ಎದ್ದಳು. ಆಮೇಲೆ ಎಣಿಸಲು ಆಗಲಿಲ್ಲ. ಮೇ ಐ, ಮೇ ಐ, ಮೇ ಐ. ಅನ್ನಪೂರ್ಣಾ ಕಲಿಸಿದ ಹಾಗೆಯೇ, ಒಬ್ಬೊಬ್ಬರೂ ಕಡೆಗೆ ಪ್ಲೀಸ್ ಹಚ್ಚಿ ಕೇಳಿದರು. ಸಿದ್ದರಾಮೇಶನ ಹಣೆಯಿಂದ ಬೆವರು ಇಳಿದು ಟೈ ತೊಯ್ದಿತು. ಅವನು ಯೆಸ್, ಯೆಸ್, ಯೆಸ್ ಅನ್ನುತ್ತ ನಿಂತ. ಒಂದೊಂದೇ ಮಷಿನ್ನು ಆರಿತು. ದಿನವಿಡೀ ಗುಡುಗುವ ಶೆಡ್ಡು ಸುಮ್ಮನಾಯಿತು. ಫ್ಯಾನಿನ ಸದ್ದು ಮೊದಲ ಸಲ ಕೇಳಿಸಿತು.

ಗೋಡಾನಿನ ಬಾಗಿಲು ತೆರೆಯಿತು. ಬಟ್ಟೆಯ ಧೂಳು ತಲೆಗೆ ಮೆತ್ತಿಕೊಂಡು ಮಾಳವ್ವ ಹೊರಗೆ ಬಂದಳು. ನೆಟ್ಟಗೆ ಬಯ್ಯರ್ ಮುಂದೆ ಬಂದು ನಿಂತಳು.

"ಮೇ ಐ ಗೋ" ಎಂದಳು. ಮುಂದಿನದು ಮರೆತುಹೋಯಿತು. "ಮೇ ಐ ಗೋ. ಮೂರು ತಾಸಾತ್ರಿ, ಬಾಗಲಾ ಹಾಕಿ ಕುಂದ್ರಿಸ್ಯಾರ."

ತರುಣಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಬಯ್ಯರ್ ಮುಖದ ನಗು ಹೋಯಿತು. ಪಾಯಖಾನೆಯ ಮುಂದೆ ನೂರಕ್ಕೂ ಹೆಚ್ಚು ಹೆಂಗಸರ ಪಾಳಿ ಹಾವಿನಂತೆ ಶೆಡ್ಡು ಸುತ್ತಿತ್ತು. ಇಷ್ಟೊಂದು ಜನ ಯಾಕೆ ಎಂದು ಅವಳು ಕೇಳಿದಳು. ಮ್ಯಾನೇಜರ್ ಏನೋ ಹೇಳಲು ಬಾಯಿ ತೆರೆದ. ಸೈರಾಬಾನು ಪಾಳಿಯಿಂದ ಹೊರಗೆ ಬಂದಳು.

"ನಾ ಹೇಳ್ತೀನ್ರಿ" ಎಂದಳು ತರುಣಿಗೆ. "ಇವತ್ತ ಬಿಟ್ಟು ಎಂದೂ ಬಿಟ್ಟಿಲ್ಲ. ಅದಕ್ಕ ಎಲ್ಲಾರೂ ಬಂದೀವಿ. ಈ ಅಕ್ಕ ಮೂರು ಸಲ ಕೈ ಎತ್ತಿದ್ಳು, ಬಿಡಲಿಲ್ಲ. ಕುಂತಲ್ಲೇ ಆತು. ಒರಸಾಕ ಹಚ್ಚಿದ್ರು. ಹಸಿ ಸೀರಿಮ್ಯಾಲ ಸಂಜೀಮಟ ಹೊಲಿಸಿದ್ರು. ಅವತ್ತ ಹೊಲಿದ ಶರ್ಟು ಇವರ ದೇಶಕ್ಕ ಹೊಂಟಾವು. ಯಾರೋ ಹಾಕ್ಕೋತಾರ. ಹೇಳ್ರಿ ಅವರಿಗೆ."

ತರುಣಿ ಎಲ್ಲವನ್ನೂ ಹೇಳಿದಳು. ಕೀಲಿ ಹಾಕಿದ್ದ ಎರಡು ಪಾಯಖಾನೆಗಳನ್ನು ಬಯ್ಯರ್ ತೆಗೆಸಿ ನೋಡಿದಳು. ಪುಸ್ತಕದಲ್ಲಿ ಬರೆದುಕೊಂಡಳು. ಸೈರಾಬಾನುವಿನ ಕೈ ಹಿಡಿದು ಥ್ಯಾಂಕ್ ಯೂ ಎಂದಳು. ಚಹಾ ಕುಡಿದು ಕಾರು ಹತ್ತಿದಳು.

ಅವಳು ಬರೆದುಕೊಂಡದ್ದರಿಂದ ಆದದ್ದು ಏನೂ ಇಲ್ಲ. ಕಾರು ಕಣ್ಮರೆಯಾಗುವ ಮೊದಲೇ ಆ ಎರಡು ಬಾಗಿಲಿಗೆ ಮತ್ತೆ ಕೀಲಿ ಬಿತ್ತು.

ಮ್ಯಾನೇಜರ್ ಸೈರಾಬಾನುವನ್ನು ಆಫೀಸಿಗೆ ಕರೆಸಿದ. ಅವನ ಎದುರಿಗೆ ಅನ್ನಪೂರ್ಣಾ ಕೂತಿದ್ದಳು. ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ.

"ಸಹಿ ಮಾಡು" ಎಂದ ಮ್ಯಾನೇಜರ್.

"ಏನೈತ್ರಿ ಇದರಾಗ?"

"ನಿನಗ್ಯಾಕ ಅದು? ಮಾಡು ಅಂದ್ರ ಮಾಡು."

ಸೈರಾಬಾನು ಅನ್ನಪೂರ್ಣಾಳ ಕಡೆ ತಿರುಗಿದಳು. "ಅಕ್ಕೋರ, ನೀವ ಬರದೀರಿ. ನೀವ ಓದ್ರಿ. ಖರೇ ಓದ್ರಿ."

ಅನ್ನಪೂರ್ಣಾಳ ಕಿವಿ ಕೆಂಪಾದವು. ಮ್ಯಾನೇಜರ್ ಬೇಡವೆಂದು ಕೈ ಮಾಡಿದ. ಅವಳು ಹಾಳೆ ಎತ್ತಿಕೊಂಡು ಕನ್ನಡದಲ್ಲಿ ಓದಿದಳು. ಬಯ್ಯರ್ ಮುಂದೆ ನಾನು ಸುಳ್ಳು ಹೇಳಿದೆ. ಕಂಪನಿಯಲ್ಲಿ ನಮಗೆ ಯಾವ ತೊಂದರೆಯೂ ಇಲ್ಲ. ದಯವಿಟ್ಟು ನನ್ನನ್ನು ಕ್ಷಮಿಸಬೇಕು. ಓದಿ ಹಾಳೆ ಕೆಳಗಿಟ್ಟು, "ಇಷ್ಟ ಐತ್ರಿ. ನನಗ ಬರೀರಿ ಅಂದ್ರು, ಬರದೆ. ಬರೀಬಾರದಿತ್ತು" ಎಂದಳು. ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಹೋದಳು. ಆ ಮೇಲೆ ಆ ಕಂಪನಿಗೆ ಅವಳು ಕಾಲಿಡಲಿಲ್ಲ.

"ಈ ಮಾತು ನಂದಲ್ರಿ" ಎಂದಳು ಸೈರಾಬಾನು. "ನಾ ಸಹಿ ಮಾಡಂಗಿಲ್ಲ."

"ಹಂಗಾದ್ರ ನಾಳಿಂದ ಬರಬ್ಯಾಡ."

"ನಾಳಿನೂ ಬರ್ತೀನ್ರಿ. ಗೇಟು ತಗೀದಿದ್ರ ಹೊರಗ ಕುಂದರ್ತೀನಿ."

ಮರುದಿನ ಗೇಟಿನ ಕಾವಲುಗಾರ ಕಾಶೀಂಸಾಬ ತಲೆ ತಗ್ಗಿಸಿ ಅವಳನ್ನು ತಡೆದ. "ನನ್ನ ಮ್ಯಾಲ ಸಿಟ್ಟಾಗಬ್ಯಾಡವ್ವ, ಆರ್ಡರ್ ಐತಿ" ಎಂದ. ಸೈರಾಬಾನು ರಸ್ತೆಯ ಬದಿಗೆ ಕರಿ ಮಣ್ಣಿನ ಮೇಲೆ ಕೂತಳು. ಮಾಳವ್ವ ಗೇಟಿನೊಳಗೆ ಒಂದು ಕಾಲಿಟ್ಟವಳು ಹಿಂದಕ್ಕೆ ಬಂದಳು. ಬಂದು ಪಕ್ಕದಲ್ಲಿ ಕೂತಳು. ರಾಜಮಾ ಕೂತಳು. ಸವಡಿಯ ಟಂಟಂ ಬಂತು, ಅವರೂ ಕೂತರು. ಕೆಲವರು ತಲೆ ಬಗ್ಗಿಸಿಕೊಂಡು ಒಳಗೆ ಹೋದರು. ಮೂವತ್ತು ಜನ ಹೋಗಿರಬೇಕು. ಅವರನ್ನು ಯಾರೂ ಬೈಯಲಿಲ್ಲ. ಒಳಗೆ ಹೋದವರಿಂದ ಒಂದು ಲೈನೂ ನಡೆಯಲಿಲ್ಲ. ಕಾಲರ್ ಇಲ್ಲದೆ ಕಫ್ ಇಲ್ಲದೆ ಶರ್ಟು ಆಗುವುದಿಲ್ಲ.

ಅವತ್ತು ಸಂಜೆ ಮಾಲು ಹೋಗಬೇಕಿತ್ತು. ಕಂಟೇನರ್ ಲಾರಿ ಆಗಲೇ ಬಂದು ನಿಂತಿತ್ತು. ಬಿಸಿಲೇರಿತು. ಹೆಂಗಸರು ಸೆರಗು, ದುಪಟ್ಟಾ ತಲೆಗೆ ಹೊದ್ದು ಕೂತರು. ಬಾಟಲಿಯ ನೀರು ಕೈಯಿಂದ ಕೈಗೆ ಹೋಯಿತು. ಕೆಲಸದ ದಿನ ಹಗಲು ಹೊತ್ತಿನಲ್ಲಿ ಅವರು ನೀರು ಕುಡಿದದ್ದು ಎಷ್ಟೋ ತಿಂಗಳ ಮೇಲೆ. ಹೋಗಬೇಕಾದವರು ಎದುರಿನ ಜೋಳದ ಹೊಲಕ್ಕೆ ಹೋಗಿ ಬಂದರು.

ಹನ್ನೊಂದಕ್ಕೆ ಮ್ಯಾನೇಜರ್ ತಾನೇ ಗೇಟಿಗೆ ಬಂದ.

"ಆತು, ಈ ಸಲ ಮಾಫ್ ಮಾಡೀನಿ. ನಡೀರಿ ಒಳಗ."

"ನಾ ಮಾಫಿ ಕೇಳೇ ಇಲ್ಲಲ್ರಿ" ಎಂದಳು ಸೈರಾಬಾನು. ಕೂತಲ್ಲಿಂದ ಏಳಲಿಲ್ಲ. "ಆ ಎರಡು ಪಾಯಖಾನಿ ಕೀಲಿ ತಗಸ್ರಿ. ಆಮ್ಯಾಲ ಬರ್ತೀವಿ."

ಲಾರಿಯ ಡ್ರೈವರ್ ಹಾರ್ನು ಬಾರಿಸಿದ. ಮ್ಯಾನೇಜರ್ ಲಾರಿ ನೋಡಿದ, ಹೆಂಗಸರನ್ನು ನೋಡಿದ. ಜೇಬಿನಿಂದ ಕೀಲಿಕೈ ತೆಗೆದು ಕಾಶೀಂಸಾಬನ ಕಡೆ ಎಸೆದು ತಿರುಗಿ ಹೋದ. ಒಳಗಿನ ರಟ್ಟಿನ ಡಬ್ಬಿಗಳನ್ನು ಹೆಂಗಸರೇ ಹೊತ್ತು ಅವನ ಆಫೀಸಿನ ಬಾಗಿಲ ಮುಂದೆ ರಾಶಿ ಹಾಕಿದರು.

ಮಷಿನ್ನುಗಳು ಶುರುವಾದವು. ಒಂದು ತಾಸು ಕೂಡ ಆಗಿರಲಿಲ್ಲ. ಮಾಳವ್ವ ಕಫ್ ಕೆಳಗಿಟ್ಟಳು. ಕೈ ಎತ್ತಲಿಲ್ಲ. ಎದ್ದಳು. ಹೊರಟಳು.

"ಏ ಮಾಳವ್ವ!" ಸಿದ್ದರಾಮೇಶ ಓಡಿ ಬಂದು ಅಡ್ಡ ನಿಂತ. "ಯಾರನ್ನ ಕೇಳಿ ಹೊಂಟಿ? ಲಾರಿ ನಿಂತೈತಿ. ಟಾರ್ಗೆಟ್ ಆಗಲಿಲ್ಲಂದ್ರ ಮ್ಯಾಲಿನವರು ನನ್ನ ಜೀವಾ ತಿಂತಾರ."

"ಯಾರನ್ನೂ ಕೇಳಿಲ್ಲ" ಎಂದಳು ಮಾಳವ್ವ. "ಬಂದೈತಿ, ಹೊಂಟೀನಿ. ಸರಿ ಆಚಿಗೆ."

ಅವನು ಸರಿಯಲಿಲ್ಲ. ಎರಡನೇ ಲೈನಿನ ಮಷಿನ್ನುಗಳು ಒಂದರ ಹಿಂದೆ ಒಂದು ನಿಂತವು. ಮೂರನೇ ಲೈನು ನಿಂತಿತು. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಮಾಳವ್ವ ಅವನ ಮಗ್ಗುಲಿನಿಂದ ಹಾದು ಹೋದಳು. ಅವಸರ ಮಾಡಲಿಲ್ಲ.

ಸೈರಾಬಾನು ಅರ್ಧ ಹೊಲಿದ ಕಾಲರ್ ಮೇಜಿನ ಮೇಲೆ ಇಟ್ಟಳು. ಅವಳಿಗೂ ಬಂದಿತ್ತು. ಎದ್ದು ಮಾಳವ್ವನ ಹಿಂದೆ ನಡೆದಳು.